ನಳಕ್ಕೆ ಬೀಗ

ಬೆಳಿಗ್ಗೆ ಆರಕ್ಕೆ ಬಚ್ಚಲಿನ ನಳಕ್ಕೆ ಬೀಗ ಹಾಕಿದೆ.
ಕಿಟಕಿಯ ಹೂದಾನಿಯ ನೀರನ್ನೂ ಚೆಲ್ಲಿದೆ.
ಹಿಂದೊಮ್ಮೆ ಒಬ್ಬ ಅದನ್ನೂ ಕುಡಿದಿದ್ದನಂತೆ,
ಹಳೆಯ ಸಿಸ್ಟರು ಹೇಳಿಕೊಟ್ಟದ್ದು.

ಸುಗಲಾಬಾಯಿ ಕಲಶೆಟ್ಟಿ, ವಯಸ್ಸು ಮೂವತ್ತೆಂಟು,
ಅಕ್ಕಲಕೋಟೆ ಡಿಪೋದ ಕಂಡಕ್ಟರು,
ತೂಕ ಐವತ್ತೆರಡು ಕಿಲೋ ನಾನೂರು ಗ್ರಾಂ.
'ಒಂದೂವರೆ ಕಿಲೋ ಇಳಿದರೆ ನನ್ನನ್ನು ಕರೆ' ಎಂದಿದ್ದರು ಡಾಕ್ಟರು.

ಆರು ತಿಂಗಳಿಂದ ದಿನಕ್ಕೆ ಹನ್ನೆರಡು ಲೀಟರು.
ಟಿಕೆಟ್ ಮಷೀನಿನ ಜೊತೆಗೊಂದು ಕ್ಯಾನು,
ಸೋಲಾಪುರದಲ್ಲಿ ತುಂಬಿದರೆ ಕುಂಭಾರಿಗೆ ಅರ್ಧ,
ವಳಸಂಗಕ್ಕೆ ಖಾಲಿ.
ಕುಡಿದದ್ದು ಇಳಿಯಲೇಬೇಕಲ್ಲ?
ಜಾಲಿಯ ಮರೆ ಕಂಡಲ್ಲೆಲ್ಲ ನಿಲ್ಲಿಸು ಅಂತ
ಡ್ರೈವರನಿಗೆ ಯಾವ ಬಾಯಿಂದ ಹೇಳುವುದು?
'ಒಂದ ಬೆಲ್ ಹೊಡದ್ರ ನಿಂದರು, ಎರಡ ಹೊಡದ್ರ ನಡಿ.
ಇದಕ್ಕ ಅಂತ ಬೆಲ್ ಇಲ್ಲ ನೋಡ್ರಿ ಅಕ್ಕಾ.'

ಎಲ್ಲರೂ ಸಕ್ಕರೆ ಕಾಯಿಲೆ ಎಂದರು.
ಹಾಗಲಕಾಯಿ ಅರೆದು ಕುಡಿದಳು, ಚಹಾ ಸಪ್ಪೆ ಮಾಡಿಕೊಂಡಳು.
ಮೂರು ಸಲ ರಕ್ತ ನೋಡಿದರು, ಮೂರು ಸಲವೂ ತೊಂಬತ್ತರ ಆಸುಪಾಸು.
ಅತ್ತೆ ಮಾತ್ರ ಹಿತ್ತಲಿಗೆ ಹೋಗಿ ಬಗ್ಗಿ ನೋಡಿ ಬಂದು
'ಒಂದ ಇರವಿನೂ ಹತ್ತಿಲ್ಲ, ಇದು ಬ್ಯಾರೆ ಏನೋ ಅದ' ಅಂದಳಂತೆ.
ಫೈಲಿನಲ್ಲಿ ಇಲ್ಲದಿದ್ದರೂ
ಮೊದಲ ಸರಿಯಾದ ರಿಪೋರ್ಟು ಆ ಮುದುಕಿಯದೇ.

ತಾಸಿಗೊಮ್ಮೆ ತೂಕ. ತಾಸಿಗೊಮ್ಮೆ ಬಾಟಲಿ.
ಬಾಟಲಿ ಎತ್ತಿ ಹಿಡಿದರೆ ಆಚೆಯ ಕಿಟಕಿಯ ಸರಳು ಎಣಿಸಬಹುದು,
ಅಷ್ಟು ತಿಳಿ.
ಹತ್ತು ಗಂಟೆಗೆ ನೆಲ ಒರೆಸುವವಳ ಬಕೀಟನ್ನೇ ನೋಡುತ್ತಿದ್ದಳು.
ಹನ್ನೊಂದಕ್ಕೆ ತುಟಿ ಅಂಟಿ ಮಾತು ತೊದಲಿತು.
'ಒಂದ ಗುಟುಕ್, ಬಾಯಿ ಮುಕ್ಕಳಿಸಿ ಉಗುಳತೀನ್ರಿ.'
ಮೈಂದರ್ಗಿಯಲ್ಲಿ ನಮ್ಮಜ್ಜಿ ಬ್ಯಾಸಿಗೆ ಪೂರ್ತಿ ಅರವಟ್ಟಿಗೆ ಇಡುತ್ತಿದ್ದಳು,
ಬಂದವರ ಕುಲ ಕೇಳದೆ ಬೊಗಸೆಗೆ ಸುರಿಯುತ್ತಿದ್ದಳು.
ಅವಳ ಮೊಮ್ಮಗಳು ನಾನು, ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು
'ಇಲ್ಲ' ಅಂದೆ.
ಎರಡು ಸಲ ಔಷಧಿ ಕೋಣೆಗೆ ಹೋಗಿ
ಕಳ್ಳಿಯ ಹಾಗೆ ನೀರು ಕುಡಿದು ಬಂದೆ.

ಎರಡು ಗಂಟೆ. ಐವತ್ತು ಕಿಲೋ ಒಂಬೈನೂರು.
ರಕ್ತದಲ್ಲಿ ಉಪ್ಪು ಏರಿದೆ, ಬಾಟಲಿ ಇನ್ನೂ ತಿಳಿ.
ಡಾಕ್ಟರು ಮಂಚದ ಅಂಚಿಗೆ ಕೂತು ಹೇಳಿದರು:
ತಲೆಯೊಳಗೆ, ಮೂಗಿನ ಬುಡದ ಹಿಂದೆ, ಕಡಲೆಕಾಳಿನಷ್ಟು ಗ್ರಂಥಿ.
ನೀರು ಹಿಡಿದಿಟ್ಟುಕೋ ಅಂತ ಕಿಡ್ನಿಗೆ ಹೇಳಿ ಕಳಿಸುವುದು ಅಲ್ಲಿಂದಲೇ.
ಹೇಳುವವರೇ ಸುಮ್ಮನಿದ್ದಾರೋ, ಕೇಳುವವರು ಕಿವುಡರೋ,
ಈ ಸೂಜಿಯಿಂದ ತಿಳಿಯುತ್ತದೆ.
ಸುಗಲಾಬಾಯಿ ಒಣ ನಾಲಿಗೆಯಲ್ಲೇ ನಕ್ಕಳು:
'ಅಂದ್ರ ಡ್ರೈವರ್ ಕಿವುಡೋ, ಕಂಡಕ್ಟರ್ ಬೆಲ್ ಹೊಡಿವಲ್ಲೋ, ಅದ ಹೌದಲ್ರಿ?'

ಸೂಜಿ ಚುಚ್ಚಿ ಎರಡು ತಾಸು.
ಬಾಟಲಿ ಎತ್ತಿ ಹಿಡಿದೆ. ಸರಳುಗಳು ಕಾಣಲಿಲ್ಲ.
ಗೋಧಿಹುಲ್ಲಿನ ಬಣ್ಣ, ಗಟ್ಟಿ ಹಳದಿ.
ಹನ್ನೊಂದು ವರ್ಷದಿಂದ ಇದನ್ನೇ ಹೊತ್ತು ಚೆಲ್ಲುತ್ತ ಬಂದವಳು,
ಒಬ್ಬರ ಉಚ್ಚೆ ನೋಡಿ ಕಣ್ಣು ತುಂಬಿದ್ದು ಅಂದೇ.

ಬೀಗ ತೆಗೆದೆ. ಲೋಟ ತುಂಬಿಸಿ ಕೊಟ್ಟೆ.
ಅರ್ಧ ಕುಡಿದು ಕೆಳಗಿಟ್ಟಳು.
ಉಳಿದರ್ಧವನ್ನು ಇಬ್ಬರೂ ನೋಡುತ್ತ ಕೂತೆವು.

ಗ್ರಂಥಿ ಯಾಕೆ ಮೌನವಾಯಿತೋ ಇನ್ನೂ ಗೊತ್ತಿಲ್ಲ,
ಗುರುವಾರ ತಲೆಯ ಫೋಟೋ ತೆಗೆಯಬೇಕು.
ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಬಹುಶಃ ಕೊನೆಯವರೆಗೆ.
'ಬಾಯಾರಿದರಷ್ಟೇ ಕುಡಿ, ರೂಢಿಗೆ ಕುಡಿಯಬೇಡ.
ಮಾತ್ರೆಯ ಮೇಲೆ ಸುಮ್ಮನೆ ಸುರಿದುಕೊಂಡರೆ
ರಕ್ತ ತೆಳುವಾಗಿ ಫಿಟ್ಸು ಬಂದೀತು' ಎಂದೆ.
ಬೆದರಿ ನೋಡಿದಳು: ನಿನ್ನೆಯವರೆಗೆ ಜೀವ ಉಳಿಸಿದ್ದು,
ಇವತ್ತಿಂದ ಅಳೆದು ಕುಡಿಯಬೇಕೇ?

ಸಂಜೆ ಮಗ ಬಂದ. ಕ್ಯಾನು ಅವನ ಕೈಗಿಟ್ಟು
'ಮನಿಗೆ ಒಯ್ಯಿ, ಇನ್ನ ಬ್ಯಾಡಿದು' ಅಂದಳು.
ಅವನು ಮೆಟ್ಟಿಲಿಳಿಯುವಷ್ಟರಲ್ಲಿ
ಕಿಟಕಿಯಿಂದ ಕೂಗಿ ಕರೆದು
ವಾಪಸು ಇಸಗೊಂಡಳು.